ಹೆದ್ದಾರಿಯ ಲೆಕ್ಕದಲ್ಲಿ ನಮ್ಮನ್ನೂ ಹಿಡಿಯಿರಿ

ರಟ್ಟೀಹಳ್ಳಿಯಲ್ಲಿ ಚಹಾದಂಗಡಿಯಾಗಲಿ, ಕಟಿಂಗ್ ಶಾಪ್ ಆಗಲಿ, ಮದುವೆ ಮನೆಯಾಗಲಿ, ನಾಲ್ಕು ಜನ ಸೇರಿದ ಕಡೆ ರಸ್ತೆಯ ಮಾತು ಒಮ್ಮೆಯಾದರೂ ಬಂದೇ ಬರುತ್ತದೆ. ಮುಖ್ಯರಸ್ತೆ ಅಗಲ ಮಾಡಬೇಕು ಎನ್ನುವವರಿದ್ದಾರೆ. ಲಾರಿಗಳಿಗೆ ಊರ ಹೊರಗಿನಿಂದ ಬೈಪಾಸ್ ಆಗಬೇಕು ಎನ್ನುವವರಿದ್ದಾರೆ. "ಇದ್ದಂಗ ಇರಲಿ ಬಿಡ್ರಿ, ಯಾರ ಹೊಟ್ಟಿ ಮ್ಯಾಲೂ ಹೊಡಿಯೋದು ಬ್ಯಾಡ" ಎನ್ನುವ ಹಿರಿಯರೂ ಇದ್ದಾರೆ. ಪಿಯುಸಿ ಓದುವ ನಮಗೆ ಈ ಮಾತಿನಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಬಹುದು. ದಿನಕ್ಕೆ ಎರಡು ಸಲ ಆ ರಸ್ತೆಯನ್ನು ದಾಟುವವರು ನಾವು. ಅದರ ಬದಿಯಲ್ಲಿ ನಿಂತು ಬಸ್ಸಿಗೆ ಕಾಯುವವರು ನಾವು. ನಮ್ಮಲ್ಲಿ ಅನೇಕರ ಮನೆಯ ಅಂಗಡಿ, ತಳ್ಳುಗಾಡಿ, ಗ್ಯಾರೇಜು ಇರುವುದೂ ಅದರ ಬದಿಯಲ್ಲೇ. ಆದ್ದರಿಂದ ಮಾತಾಡುವ ಹಕ್ಕು ನಮಗೂ ಇದೆ ಎಂದುಕೊಂಡು ನನ್ನ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯಿರಿ.

ಮೊದಲು ರಸ್ತೆ ಯಾವುದೆಂದು ಹೇಳುತ್ತೇನೆ. ನಾವು ಒಂದು ಕಡೆ ನಿಂತು "ರಾಣೆಬೆನ್ನೂರು ರೋಡ್" ಎನ್ನುತ್ತೇವೆ, ಇನ್ನೊಂದು ಕಡೆ ನಿಂತು "ಶಿಕಾರಿಪುರ ರೋಡ್" ಎನ್ನುತ್ತೇವೆ. ಎರಡೂ ಒಂದೇ ರಸ್ತೆ. ಬೈಂದೂರಿನಲ್ಲಿ ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ರಿಂದ ಹೊರಟು ಕೊಲ್ಲೂರು, ಹೊಸನಗರ, ಬಟ್ಟೆಮಲ್ಲಪ್ಪ, ಆನಂದಪುರ, ಶಿಕಾರಿಪುರ ದಾಟಿ ಮಾಸೂರಿಗೆ ಬರುತ್ತದೆ. ಅಲ್ಲಿಂದ ರಟ್ಟೀಹಳ್ಳಿ, ಹಲಗೇರಿ ಹಾದು ರಾಣೆಬೆನ್ನೂರಿನ ಬಳಿ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಸೇರುತ್ತದೆ. ಬಹಳ ವರ್ಷ ಇದು ಬೈಂದೂರು–ರಾಣೆಬೆನ್ನೂರು ರಾಜ್ಯ ಹೆದ್ದಾರಿಯಾಗಿತ್ತು. ಈಗ ಕಾಗದದ ಮೇಲೆ ಇದು ರಾಷ್ಟ್ರೀಯ ಹೆದ್ದಾರಿ 766ಸಿ. ಕರಾವಳಿ, ಮಲೆನಾಡು, ಬಯಲುಸೀಮೆ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದಂಥ ರಸ್ತೆ. ಅದರಲ್ಲಿ ನಮ್ಮ ತಾಲ್ಲೂಕಿನ ಪಾಲು ಮಾಸೂರಿನ ಆಚೆಯಿಂದ ಹಲಗೇರಿಯ ಈಚೆಯವರೆಗಿನ ಒಂದು ತುಂಡು ಮಾತ್ರ.

ಈ ದಿಕ್ಕಿನ ಓಡಾಟ ಹೊಸದೇನೂ ಅಲ್ಲ. ಇಂದಿನ ಹೊಸನಗರ ತಾಲ್ಲೂಕಿನ ನಗರವೇ ಹಿಂದಿನ ಬಿದನೂರು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದುಕೊಂಡ. ಮರುವರ್ಷ, 1764ರಲ್ಲಿ, ಪೇಶ್ವೆ ಮಾಧವರಾಯನ ಸೈನ್ಯಕ್ಕೂ ಹೈದರನ ಸೈನ್ಯಕ್ಕೂ ನಮ್ಮ ರಟ್ಟೀಹಳ್ಳಿಯ ಬಳಿಯೇ ಕಾಳಗ ನಡೆಯಿತು. ಮಲೆನಾಡಿನಿಂದ ಸವಣೂರು ಸೀಮೆಗೆ ಹೋಗುವವರಿಗೆ ನಾವು ದಾರಿಯ ಮೇಲಿನ ಊರು. ಬ್ರಿಟಿಷರ ಕಾಲದಲ್ಲಿ ರಟ್ಟೀಹಳ್ಳಿ, ಮಾಸೂರು ಎರಡೂ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯ ಕೋಡ ತಾಲ್ಲೂಕಿನಲ್ಲಿದ್ದವು. ಶಿಕಾರಿಪುರ ಮೈಸೂರು ಸಂಸ್ಥಾನದಲ್ಲಿತ್ತು. ಅಂದರೆ 1956ರ ನವೆಂಬರ್ 1ರವರೆಗೆ ಮಾಸೂರಿನಿಂದ ಶಿಕಾರಿಪುರಕ್ಕೆ ಹೋಗುವವರು ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯಕ್ಕೆ ಹೋಗುತ್ತಿದ್ದರು. ಆಮೇಲೆ 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. 2018ರಲ್ಲಿ ಹಿರೇಕೆರೂರಿನಿಂದ ಬೇರೆಯಾಗಿ ರಟ್ಟೀಹಳ್ಳಿಯೇ ತಾಲ್ಲೂಕಾಯಿತು. ಗಡಿಗಳು ಬದಲಾದವು, ರಸ್ತೆ ಮಾತ್ರ ಅದೇ ದಿಕ್ಕಿನಲ್ಲಿ ಉಳಿಯಿತು.

ತಾಲ್ಲೂಕು ಆದ ಮೇಲೆ ಊರಿನ ಒಳಗಿನ ಓಡಾಟ ಹೆಚ್ಚಾಗಿದೆ. ಪಹಣಿಗೆ, ಜಾತಿ ಆದಾಯ ಪ್ರಮಾಣಪತ್ರಕ್ಕೆ, ರೇಷನ್ ಕಾರ್ಡಿನ ತಿದ್ದುಪಡಿಗೆ ಜನ ಹಿರೇಕೆರೂರಿನ ಬದಲು ಇಲ್ಲಿಗೇ ಬರುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸು ಹತ್ತುವ ಹೆಂಗಸರೂ ಹೆಚ್ಚಾದರು. ಹೀಗೆ ರಸ್ತೆಯ ಒಂದೇ ತುಂಡಿನ ಮೇಲೆ ಈಗ ಎರಡು ರೀತಿಯ ಪ್ರಯಾಣ ನಡೆಯುತ್ತಿದೆ. ಒಂದು, ಈ ತುದಿಯಿಂದ ಆ ತುದಿಗೆ ಹೋಗುವವರದು: ಸರಕಿನ ಲಾರಿ, ಕೊಲ್ಲೂರಿಗೆ ಹೋಗುವ ಭಕ್ತರ ಗಾಡಿ, ದೂರದ ಬಸ್ಸು. ಅವರಿಗೆ ರಟ್ಟೀಹಳ್ಳಿ ಎಂದರೆ ವೇಗ ಕಡಿಮೆ ಮಾಡಬೇಕಾದ ಒಂದು ಜಾಗ, ಅಷ್ಟೇ. ಇನ್ನೊಂದು, ನಡುವೆ ಹತ್ತಿ ನಡುವೆ ಇಳಿಯುವವರದು: ನಾವು, ನಮ್ಮ ಗುರುಗಳು, ಸಂತೆಗೆ ಬರುವವರು, ಆಸ್ಪತ್ರೆಗೆ ಬರುವವರು, ಟ್ರ್ಯಾಕ್ಟರಿನಲ್ಲಿ ಗೊಬ್ಬರ ತರುವವರು. ನಮಗೆ ಈ ರಸ್ತೆ ಎಂದರೆ ಅಂಗಳವೂ ಹೌದು, ಬಾಗಿಲೂ ಹೌದು.

ನನ್ನ ಅಭಿಪ್ರಾಯ ಇಷ್ಟೇ: ರಸ್ತೆಯ ಗೆರೆ ಎಲ್ಲಿ ಹಾಯಬೇಕು ಎಂದು ತೀರ್ಮಾನ ಮಾಡುವಾಗ ಮೊದಲನೆಯವರನ್ನು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಎರಡನೆಯವರನ್ನೂ ಎಣಿಸಬೇಕು.

ಎಣಿಕೆ ಎಂದರೆ ಸುಮ್ಮನೆ ಮಾತಿಗೆ ಹೇಳಿದ್ದಲ್ಲ. ರಸ್ತೆ ಮಾಡುವ ಮೊದಲು ನಿಜವಾಗಿಯೂ ವಾಹನಗಳನ್ನು ಎಣಿಸುತ್ತಾರೆ. ರಸ್ತೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಹಾಳೆಯಲ್ಲಿ ಗೆರೆ ಎಳೆಯುವವರನ್ನು ನೀವೂ ನೋಡಿರಬಹುದು. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆ ಇದೆ, 1934ರಲ್ಲಿ ಆರಂಭವಾದದ್ದು. ರಾಜಕೀಯ ಪಕ್ಷದ ಕಾಂಗ್ರೆಸ್ಸಿಗೂ ಇದಕ್ಕೂ ಸಂಬಂಧವಿಲ್ಲ, ಇದು ಎಂಜಿನಿಯರುಗಳದು. ದೇಶದ ರಸ್ತೆಗಳ ಅಳತೆ, ನಿಯಮಗಳನ್ನು ಬರೆಯುವುದು ಈ ಸಂಸ್ಥೆ. ಎರಡು ಪಥದ ರಸ್ತೆ ಎಂದರೆ 7 ಮೀಟರ್ ಡಾಂಬರು ಎಂಬ ಅಳತೆ ಅವರದೇ. ಹಳ್ಳಿಗಾಡಿನ ರಸ್ತೆಗಳ ಮೇಲೆ ಎಷ್ಟು ಒತ್ತಡ ಇದೆ ಎಂದು ತಿಳಿಯಲು ಅವರು ಪ್ರತಿ ವಾಹನಕ್ಕೂ ಒಂದು ಅಂಕ ಕೊಟ್ಟಿದ್ದಾರೆ. ಒಂದು ಕಾರಿಗೆ 1. ಬೈಕಿಗೆ ಅರ್ಧ. ಲಾರಿ ಅಥವಾ ಬಸ್ಸಿಗೆ 3. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿಗೆ ನಾಲ್ಕೂವರೆ. ಎತ್ತಿನ ಗಾಡಿಗೆ 8! ಅಷ್ಟು ಯಾಕೆಂದರೆ ಎತ್ತಿನ ಗಾಡಿ ನಿಧಾನ, ಅದರ ಹಿಂದೆ ಉಳಿದವರೆಲ್ಲ ನಿಲ್ಲಬೇಕಾಗುತ್ತದೆ.

ಈ ಪಟ್ಟಿ ತಿಳಿದಾಗ ನನಗೆ ಖುಷಿಯಾಯಿತು. ನಮ್ಮ ಕಡೆಯ ಟ್ರ್ಯಾಕ್ಟರ್, ಚಕ್ಕಡಿಗಳಿಗೂ ಲೆಕ್ಕದಲ್ಲಿ ಜಾಗವಿದೆ ಎಂದು. ಆದರೆ ಕೊನೆಯವರೆಗೂ ಹುಡುಕಿದರೂ ಆ ಪಟ್ಟಿಯಲ್ಲಿ ನಡೆದು ಹೋಗುವ ಮನುಷ್ಯನಿಗೆ ಅಂಕವಿಲ್ಲ. ಅದು ವಾಹನಗಳ ಪಟ್ಟಿ, ಮನುಷ್ಯನಿಗೆ ಅಂಕ ಹೇಗೆ ಬರುತ್ತದೆ ಎಂದು ನೀವು ಹೇಳಬಹುದು. ಸರಿ. ಆದರೆ ಆ ಪಟ್ಟಿಯ ಮೊತ್ತ ನೋಡಿಯೇ ರಸ್ತೆ ಎಷ್ಟು ಅಗಲ ಬೇಕೆಂದು ನಿರ್ಧರಿಸಿದರೆ, ಬ್ಯಾಗು ಹಾಕಿಕೊಂಡು ರಸ್ತೆ ದಾಟುವ ಇನ್ನೂರು ವಿದ್ಯಾರ್ಥಿಗಳ ಮೊತ್ತ ಸೊನ್ನೆ. ಒಂದು ಬೈಕಿನಷ್ಟೂ ಇಲ್ಲ. ನಡೆಯುವವರನ್ನು ಬೇರೆಯಾಗಿ ಎಣಿಸುವ ಕ್ರಮವೂ ಎಂಜಿನಿಯರಿಂಗಿನಲ್ಲಿ ಇದೆ. ನಮ್ಮಂಥ ಸಣ್ಣ ಊರಿಗೆ ಆ ಎಣಿಕೆ ಬೇಕೆಂದು ಕೇಳುವವರು ಬೇಕು.

ಕೇಳಬೇಕಾದ ಕಾರಣ ಸಣ್ಣದಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491. ಅದರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ರಾಷ್ಟ್ರೀಯ ಹೆದ್ದಾರಿಗಳ ಮೇಲೆಯೇ ಸತ್ತವರು 61,038. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಶೇಕಡಾ 2ರಷ್ಟು ಮಾತ್ರ, ಆದರೆ ಸಾವಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ರಾಜ್ಯ ಹೆದ್ದಾರಿ ರಾಷ್ಟ್ರೀಯ ಹೆದ್ದಾರಿಯಾದರೆ ನಾವು ಹೆಮ್ಮೆ ಪಡುತ್ತೇವೆ. ಪಡಬೇಕು ಸಹ, ಕೇಂದ್ರದ ಹಣ ಬರುತ್ತದೆ. ಆದರೆ ವೇಗವೂ ಜೊತೆಯಲ್ಲೇ ಬರುತ್ತದೆ ಎಂಬುದನ್ನು ಮರೆಯಬಾರದು.

ಈಗ ಮೂರು ಪಕ್ಷಗಳ ಮಾತನ್ನು ತೂಗಿ ನೋಡೋಣ. ನಾನು ಕಾಮರ್ಸ್ ವಿದ್ಯಾರ್ಥಿನಿ. ನಮಗೆ ಮೊದಲ ದಿನವೇ ಕಲಿಸಿದ್ದು ಪ್ರತಿ ಡೆಬಿಟ್ಟಿಗೂ ಒಂದು ಕ್ರೆಡಿಟ್ ಇರುತ್ತದೆ ಎಂದು. ರಸ್ತೆಯಲ್ಲೂ ಹಾಗೆಯೇ. ಒಬ್ಬರಿಗೆ ಉಳಿದ ಐದು ನಿಮಿಷ ಇನ್ನೊಬ್ಬರ ಖಾತೆಯಿಂದ ಹೋಗಿರುತ್ತದೆ. ಯಾರ ಖಾತೆಯಿಂದ ಎಂದು ಬರೆದಿಟ್ಟರೆ ಜಗಳ ಅರ್ಧ ಕಡಿಮೆಯಾಗುತ್ತದೆ.

ಮೊದಲನೆಯದು, ಇದ್ದಂತೆ ಇರಲಿ ಎಂಬ ಪಕ್ಷ. ಇದರಲ್ಲಿ ಯಾರ ಅಂಗಡಿಯೂ ಒಡೆಯುವುದಿಲ್ಲ, ಯಾರ ಹೊಲವೂ ಹೋಗುವುದಿಲ್ಲ. ಖರ್ಚು ಬೀಳುವುದು ನಡೆಯುವವರ ಮೇಲೆ. ಗೋವಿನಜೋಳದ ಸುಗ್ಗಿಯಲ್ಲಿ ರಸ್ತೆಯ ಸ್ಥಿತಿ ನಿಮಗೆ ಗೊತ್ತು. ಕಣ ಇಲ್ಲದ ರೈತರು ಡಾಂಬರಿನ ಒಂದು ಬದಿಗೆ ಜೋಳ ಹರಡುತ್ತಾರೆ, ಕಲ್ಲು ಇಟ್ಟು ಗುರುತು ಮಾಡುತ್ತಾರೆ. ಉಳಿದ ಅರ್ಧದಲ್ಲಿ ಲಾರಿಯೂ ಬಸ್ಸೂ ಎದುರುಬದುರಾಗುತ್ತವೆ. ಬೈಕಿನವರು ಜೋಳದ ಕಾಳಿನ ಮೇಲೆ ಜಾರುತ್ತಾರೆ. ರೈತರನ್ನು ಬೈಯುವುದು ಸುಲಭ. ಅವರಿಗೆ ಬೇರೆ ಒಣ ಜಾಗ ಎಲ್ಲಿದೆ ಎಂದು ಕೇಳುವವರು ಕಡಿಮೆ. ಉದ್ಯೋಗ ಖಾತ್ರಿ ಯೋಜನೆಯಲ್ಲಿ ಒಕ್ಕಲು ಕಣ ಕಟ್ಟಿಸಿಕೊಂಡ ಊರುಗಳು ನಮ್ಮ ರಾಜ್ಯದಲ್ಲಿವೆ. ರಸ್ತೆಗೆ ಕೋಟಿಗಟ್ಟಲೆ ಖರ್ಚು ಮಾಡುವಾಗ ಅದರ ಬದಿಯ ಪ್ರತಿ ಹಳ್ಳಿಗೂ ಒಂದು ಸಾಮೂಹಿಕ ಕಣ ಎಂದು ಸೇರಿಸಿದರೆ ಆ ಖರ್ಚಿನಲ್ಲಿ ಅದು ಎಷ್ಟರದು?

ಎರಡನೆಯದು, ಊರೊಳಗಿನ ರಸ್ತೆಯನ್ನೇ ಅಗಲ ಮಾಡುವುದು. ಇದಕ್ಕೆ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಮೆಣಸಿನಕಾಯಿಗೆ ಹೆಸರಾದ ಬ್ಯಾಡಗಿಯ ಮುಖ್ಯರಸ್ತೆ ಗಜೇಂದ್ರಗಡ–ಸೊರಬ ರಾಜ್ಯ ಹೆದ್ದಾರಿಯ ಭಾಗ. ಪಟ್ಟಣದೊಳಗಿನ ಮುಕ್ಕಾಲು ಕಿಲೋಮೀಟರಿನಷ್ಟು ರಸ್ತೆಯನ್ನು ಅಗಲ ಮಾಡುವ ವಿಷಯದಲ್ಲಿ ಅಲ್ಲಿ ವರ್ಷಗಟ್ಟಲೆ ಹೋರಾಟ ನಡೆಯಿತು. ಅಗಲ ಆಗಲೇಬೇಕು ಎಂದು ಒಂದು ಕಡೆ ಬಂದ್, ಧರಣಿ. ನಮ್ಮ ಕಟ್ಟಡ ಹೋಗುತ್ತದೆ ಎಂದು ಇನ್ನೊಂದು ಕಡೆ ನ್ಯಾಯಾಲಯ. ಇಬ್ಬರೂ ಅದೇ ಊರಿನವರು, ಒಂದೇ ಬೀದಿಯಲ್ಲಿ ದಿನಾ ಮುಖ ನೋಡುವವರು. ಮುಕ್ಕಾಲು ಕಿಲೋಮೀಟರು ಎಂದರೆ ನಾವು ಹತ್ತು ನಿಮಿಷದಲ್ಲಿ ನಡೆದು ಮುಗಿಸುವ ದೂರ. ಅಷ್ಟು ದೂರಕ್ಕೆ ಒಂದು ಊರು ಅಷ್ಟು ವರ್ಷ ಎರಡಾಗಿ ನಿಂತಿತು. ರಟ್ಟೀಹಳ್ಳಿಯ ಮುಖ್ಯರಸ್ತೆಯ ಅಂಗಡಿಗಳು ಬಹುಪಾಲು ಸಣ್ಣವು. ಹತ್ತು ಅಡಿ ಆಳದ ಅಂಗಡಿಯಲ್ಲಿ ಆರು ಅಡಿ ಹೋದರೆ ಉಳಿದ ನಾಲ್ಕು ಅಡಿಯಲ್ಲಿ ಏನು ವ್ಯಾಪಾರ ಮಾಡುವುದು? ಅದಲ್ಲದೆ ಅಗಲವಾದ ರಸ್ತೆಯಲ್ಲಿ ಲಾರಿ ಇನ್ನೂ ಜೋರಾಗಿ ಹೋಗುತ್ತದೆ. ಅದನ್ನು ದಾಟುವ ನಮಗೆ ಇನ್ನೂ ದೂರವಾಗುತ್ತದೆ.

ಮೂರನೆಯದು ಬೈಪಾಸ್. ಇದರಲ್ಲಿ ಅಂಗಡಿ ಉಳಿಯುತ್ತವೆ, ಹೊಲ ಹೋಗುತ್ತದೆ. ಎರಡು ಮೂರು ಎಕರೆ ಇಟ್ಟುಕೊಂಡವರ ಹೊಲದ ನಡುವೆ ಗೆರೆ ಹಾಯ್ದರೆ ಆಚೆ ಒಂದು ತುಂಡು, ಈಚೆ ಒಂದು ತುಂಡು. ಬಾವಿ ಒಂದು ಕಡೆ, ಬೆಳೆ ಇನ್ನೊಂದು ಕಡೆ. ಇದರ ಜೊತೆ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಮಾರ್ಗಕ್ಕೆ 2023ರ ಫೆಬ್ರುವರಿ 27ರಂದು ಶಿವಮೊಗ್ಗದಲ್ಲಿ ಶಂಕುಸ್ಥಾಪನೆಯಾಗಿದೆ. ರೈಲು ಬರಲಿ ಎಂದು ನಮಗೆಲ್ಲ ಆಸೆ. ಆದರೆ ರೈಲಿಗೆ ಒಂದು ಗೆರೆ, ಬೈಪಾಸಿಗೆ ಇನ್ನೊಂದು ಗೆರೆ ಎಂದು ಬೇರೆ ಬೇರೆ ಕಚೇರಿಗಳಲ್ಲಿ ಬೇರೆ ಬೇರೆ ನಕ್ಷೆ ಬರೆದರೆ ಒಬ್ಬನೇ ರೈತ ಎರಡು ಸಲ ಭೂಮಿ ಕೊಡಬೇಕಾದೀತು. ಎರಡೂ ನಕ್ಷೆಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡಿ ಎಂದು ಕೇಳುವುದು ಅತಿಯಾದ ಬೇಡಿಕೆಯಲ್ಲ.

ಬೈಪಾಸಿನಿಂದ ನಷ್ಟವಾಗುವ ಇನ್ನೊಂದು ಗುಂಪು ಇದೆ, ಅದರಲ್ಲಿ ನಮ್ಮ ಮನೆಯೂ ಸೇರಿದೆ. ಇದನ್ನು ಮುಚ್ಚಿಟ್ಟು ಬರೆದರೆ ಸರಿಯಾಗುವುದಿಲ್ಲ. ನಮ್ಮ ಅಬ್ಬಾ ರಸ್ತೆ ಬದಿಯಲ್ಲಿ ಬಾಡಿಗೆ ಶೆಡ್ಡಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾರೆ. ನಾಲ್ಕು ಬೈಕಿನ ಪಂಕ್ಚರಿನಲ್ಲಿ ಸಿಗುವುದು ಒಂದು ಲಾರಿ ಟೈರಿನಲ್ಲಿ ಸಿಗುತ್ತದೆ. ರಾತ್ರಿ ಹನ್ನೊಂದಕ್ಕೆ ಲಾರಿಯವರು ಬಾಗಿಲು ತಟ್ಟಿದರೂ ಅವರು ಜಾಕ್ ಎತ್ತಿಕೊಂಡು ಹೋಗುತ್ತಾರೆ. ಬೈಪಾಸಿನ ಮಾತು ಬಂದಾಗ ಅವರು ಹೇಳುವುದು ಒಂದೇ: "ಲಾರಿಯಾಂ ಗಯೇ ತೋ ಆಧಾ ಧಂದಾ ಗಯಾ ಸಮಝ್." ಲಾರಿ ಹೋದರೆ ಅರ್ಧ ದುಡಿಮೆ ಹೋಯಿತೆಂದು ತಿಳಿ ಎಂದು. ಚಹಾದಂಗಡಿ, ಊಟದ ಖಾನಾವಳಿ, ಹಣ್ಣಿನ ಗಾಡಿ, ಆಟೊ ಬಿಡಿಭಾಗದ ಅಂಗಡಿ ಇವರದೆಲ್ಲ ಇದೇ ಮಾತು.

ಲೆಕ್ಕಶಾಸ್ತ್ರದಲ್ಲಿ ನಾವು ಗುಡ್‌ವಿಲ್ ಎಂಬ ಪಾಠ ಓದುತ್ತೇವೆ. ಒಂದು ವ್ಯಾಪಾರದ ಹೆಸರಿಗೆ ಬೆಲೆ ಬರುವುದು ಯಾವುದರಿಂದ ಎಂದು ಪರೀಕ್ಷೆಯಲ್ಲಿ ಕೇಳಿದರೆ ನಾವೆಲ್ಲ ಬರೆಯುವ ಕಾರಣಗಳಲ್ಲಿ ಒಂದು, ಅಂಗಡಿ ಇರುವ ಸ್ಥಳ. ಅಬ್ಬಾರ ಅಂಗಡಿಯಲ್ಲಿರುವ ಕಂಪ್ರೆಸರ್, ಜಾಕ್, ಹಳೇ ಟೈರು ಎಲ್ಲ ಕೂಡಿಸಿದರೂ ದೊಡ್ಡ ಆಸ್ತಿಯಲ್ಲ. ಅವರ ನಿಜವಾದ ಆಸ್ತಿ ಆ ಸ್ಥಳ ಮತ್ತು ಅಲ್ಲಿ ರಾತ್ರಿಯೂ ಒಬ್ಬರು ಸಿಗುತ್ತಾರೆ ಎಂಬ ಲಾರಿಯವರ ನಂಬಿಕೆ. ಜಾಗದ ಮಾಲೀಕರಿಗೆ ಪರಿಹಾರ ಬರುತ್ತದೆ. ಬಾಡಿಗೆಯವರ ಗುಡ್‌ವಿಲ್ಲಿಗೆ ಯಾರು ಬೆಲೆ ಕಟ್ಟುತ್ತಾರೆ?

ಈ ಪ್ರಶ್ನೆಗೆ ಕಾನೂನಿನಲ್ಲಿ ಸ್ವಲ್ಪ ಉತ್ತರವಿದೆ, ಅದನ್ನು ನಾವು ತಿಳಿದಿರಬೇಕು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಬಾಧಿತ ಕುಟುಂಬ ಎಂದರೆ ಭೂಮಿಯ ಮಾಲೀಕರು ಮಾತ್ರವಲ್ಲ. ಆ ಜಾಗದಲ್ಲಿ ಮೂರು ವರ್ಷಗಳಿಂದ ದುಡಿಯುತ್ತಿದ್ದು, ಭೂಸ್ವಾಧೀನದಿಂದ ಮುಖ್ಯ ಜೀವನೋಪಾಯ ಕಳೆದುಕೊಳ್ಳುವ ಕೂಲಿಕಾರರು, ಗೇಣಿದಾರರು, ಕುಶಲಕರ್ಮಿಗಳೂ ಸೇರುತ್ತಾರೆ. ಸಣ್ಣ ವ್ಯಾಪಾರಿ, ಕುಶಲಕರ್ಮಿಗಳಿಗೆ ಒಂದು ಸಲದ ಕನಿಷ್ಠ 25,000 ರೂಪಾಯಿ ನೆರವು ಎಂದು ಅದರ ಪಟ್ಟಿಯಲ್ಲಿದೆ. ಮೊತ್ತ ಸಣ್ಣದು, ಆದರೆ ಕೇಳದಿದ್ದರೆ ಅದೂ ಬರುವುದಿಲ್ಲ. ತಳ್ಳುಗಾಡಿಯವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಸಮೀಕ್ಷೆ ಮುಗಿಯುವ ಮೊದಲು ಅವರನ್ನು ಎತ್ತಂಗಡಿ ಮಾಡುವಂತಿಲ್ಲ. ಸ್ಥಳಾಂತರ ಮಾಡುವುದಾದರೆ 30 ದಿನದ ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕಿಂತ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ನಮ್ಮದು ಈಗ ಪಟ್ಟಣ ಪಂಚಾಯಿತಿಯಾದ್ದರಿಂದ ಈ ಕಾಯ್ದೆ ನಮಗೂ ಸಂಬಂಧಿಸಿದ್ದು.

ಆದರೆ ಈ ಕಾಯ್ದೆ ಇರುವ ವಿಷಯ ಹೊಲದಲ್ಲಿ ಇರುವವರಿಗೆ, ಗಾಡಿ ತಳ್ಳುವವರಿಗೆ ಹೇಗೆ ಗೊತ್ತಾಗಬೇಕು? ರಾಷ್ಟ್ರೀಯ ಹೆದ್ದಾರಿಗೆ ಭೂಮಿ ಬೇಕೆಂದಾಗ ಸರಕಾರ ರಾಜಪತ್ರದಲ್ಲಿ ಪ್ರಕಟಣೆ ಹೊರಡಿಸುತ್ತದೆ. ಅದರ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಹಾಕಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು. ಆಕ್ಷೇಪಣೆ ಸಲ್ಲಿಸಲು ಪ್ರಕಟಣೆಯಿಂದ 21 ದಿನ ಮಾತ್ರ. ಸಣ್ಣ ಅಕ್ಷರದಲ್ಲಿ, ಸರ್ವೆ ನಂಬರುಗಳ ಸಾಲಿನಲ್ಲಿ ಬಂದ ಆ ಪ್ರಕಟಣೆಯನ್ನು ಓದದೆ ಪತ್ರಿಕೆಯನ್ನು ಮಂಡಕ್ಕಿ ಕಟ್ಟಲು ಕೊಟ್ಟರೆ 21 ದಿನ ಮುಗಿದೇ ಹೋಗುತ್ತದೆ. ನಮ್ಮ ಕಾಲೇಜಿನ ಬಹಳ ಮನೆಗಳಲ್ಲಿ ಮಾತು ಉರ್ದುವಿನಲ್ಲಿ ನಡೆಯುತ್ತದೆ. ದಾದಾ, ದಾದಿ ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ. ನಮ್ಮ ಮನೆಯಲ್ಲಿ ಕರೆಂಟ್ ಬಿಲ್ಲಿನಿಂದ ಬ್ಯಾಂಕಿನ ಕಾಗದದವರೆಗೆ ಓದಿ ಹೇಳುವುದು ನಾನೇ. ಲಂಬಾಣಿ ಮನೆಯಿಂದ ಬರುವ ಗೆಳತಿಯದೂ ಇದೇ ಕಥೆ. ಕನ್ನಡ ಓದಲು ಬರುವ ನಮ್ಮ ಮೇಲೆ ಇದು ಒಂದು ಜವಾಬ್ದಾರಿ. ಪತ್ರಿಕೆಯ ಪ್ರಕಟಣೆ ಪುಟವನ್ನು ವಾರಕ್ಕೊಮ್ಮೆ ಓದಿ ಓಣಿಯಲ್ಲಿ ಹೇಳಿದರೆ ಸಾಕು, ಒಬ್ಬ ರೈತನ ಅಥವಾ ಒಬ್ಬ ಅಂಗಡಿಯವನ ಅವಕಾಶ ಉಳಿದೀತು.

ಇಷ್ಟೆಲ್ಲ ತೂಗಿದ ಮೇಲೆ ನನ್ನ ಪಕ್ಷ ಯಾವುದು? ಅಬ್ಬಾರ ಅಂಗಡಿಗೆ ನಷ್ಟವಾಗುತ್ತದೆ ಎಂದು ಗೊತ್ತಿದ್ದರೂ ನಾನು ಬೈಪಾಸಿನ ಪರ. ದುಡಿಮೆ ಕಡಿಮೆಯಾದರೆ ಬೇರೆ ದಾರಿ ಹುಡುಕಬಹುದು. ರಸ್ತೆ ದಾಟುವಾಗ ಹೋದ ಜೀವಕ್ಕೆ ಬೇರೆ ದಾರಿ ಇಲ್ಲ. ಅಮ್ಮಿ ಒಂದು ಮಾತು ಹೇಳುತ್ತಾರೆ, "ರಸ್ತೇ ಕಾ ಬೀ ಹಕ್ ಹೋತಾ." ರಸ್ತೆಗೂ ಹಕ್ಕಿದೆ ಎಂದು. ದಾರಿಯಲ್ಲಿ ಕೂರುವವರು ಹೋಗಿಬರುವವರಿಗೆ ತೊಂದರೆ ಕೊಡಬಾರದು ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ನಾನು ಅದಕ್ಕೆ ಒಂದು ಸೇರಿಸುತ್ತೇನೆ: ದಾರಿಯಲ್ಲಿ ಹೋಗಿಬರುವವರೂ ದಾರಿಯ ಬದಿಯಲ್ಲಿ ಬದುಕುವವರಿಗೆ ತೊಂದರೆ ಕೊಡಬಾರದು. ಇದನ್ನು ಹೇಳಿದಾಗ ಅಬ್ಬಾ ಒಪ್ಪಲಿಲ್ಲ. "ಫೀಸ್ ಕೌನ್ ಭರತಾ ದೇಖೇಂಗೆ" ಎಂದು ನಕ್ಕರು. ಫೀಸ್ ಯಾರು ಕಟ್ಟುತ್ತಾರೋ ನೋಡೋಣ ಎಂಬ ಆ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆದ್ದರಿಂದಲೇ ಬೈಪಾಸಿಗೆ ನಾಲ್ಕು ಷರತ್ತು ಇಡುತ್ತೇನೆ.

ಒಂದು, ಬೈಪಾಸ್ ಸರಕಿನ ಲಾರಿಗಳಿಗೆ ಇರಲಿ, ಬಸ್ಸುಗಳು ಊರೊಳಗೇ ಬರಲಿ. ಬೈಪಾಸ್ ಆದ ಊರುಗಳಲ್ಲಿ ದೂರದ ಬಸ್ಸುಗಳು ಒಳಗೆ ಬರದೆ ಹೊರಗಿನ ಕ್ರಾಸಿನಲ್ಲೇ ಇಳಿಸಿ ಹೋಗುತ್ತವೆ ಎಂಬ ದೂರು ಹೊಸದಲ್ಲ. ಸಂಜೆ ಏಳಕ್ಕೆ ಲೈಟಿಲ್ಲದ ಕ್ರಾಸಿನಲ್ಲಿ ಮಗಳು ಇಳಿಯುತ್ತಾಳೆ ಎಂದರೆ ಎಷ್ಟು ಮನೆಯವರು ಅವಳನ್ನು ಡಿಗ್ರಿಗೆ ರಾಣೆಬೆನ್ನೂರಿಗೆ ಕಳಿಸುತ್ತಾರೆ? ಹುಡುಗಿಯರ ಓದು ನಿಲ್ಲಲು ಮಾರ್ಕ್ಸ್ ಕಾರಣವಾಗುವುದಕ್ಕಿಂತ ಬಸ್‌ಸ್ಟಾಪ್ ಕಾರಣವಾಗುವುದು ಹೆಚ್ಚು ಎಂದು ನನಗೆ ಅನಿಸುತ್ತದೆ.

ಎರಡು, ಹಳೇ ರಸ್ತೆಯನ್ನು ಅನಾಥ ಮಾಡಬಾರದು. ಬೈಪಾಸ್ ಆದ ಮೇಲೆ ಒಳಗಿನ ರಸ್ತೆಯನ್ನು ಒಮ್ಮೆ ದುರಸ್ತಿ ಮಾಡಿ ರಾಜ್ಯದ ಕೈಗೆ ಒಪ್ಪಿಸುವ ಪದ್ಧತಿ ಇದೆ. ಒಪ್ಪಿಸುವಾಗಲೇ ಕಾಲುದಾರಿ, ಚರಂಡಿ, ಬೀದಿದೀಪ, ಶಾಲೆ ಕಾಲೇಜುಗಳ ಮುಂದೆ ದಾಟುವ ಜಾಗ, ಬಸ್ಸು ನಿಲ್ಲಲು ಬದಿಗೆ ಸರಿದ ಜಾಗ, ತಳ್ಳುಗಾಡಿಗೆ ಗುರುತು ಮಾಡಿದ ಜಾಗ, ಇಷ್ಟೂ ಆಗಿರಬೇಕು.

ಮೂರು, ಬೈಪಾಸಿನ ಎರಡೂ ತುದಿಯಲ್ಲಿ ಲಾರಿಗಳಿಗೆ ನಿಲ್ಲುವ ಜಾಗ ಮಾಡಿ, ಅಲ್ಲಿನ ಮಳಿಗೆಗಳಲ್ಲಿ ಈಗ ರಸ್ತೆ ಬದಿಯಲ್ಲಿ ದುಡಿಯುತ್ತಿರುವವರಿಗೆ ಮೊದಲ ಅವಕಾಶ ಕೊಡಬೇಕು. ಪಂಕ್ಚರಿನವರು, ಚಹಾದವರು, ಖಾನಾವಳಿಯವರು ಲಾರಿಯ ಹಿಂದೆಯೇ ಹೋಗಬಲ್ಲವರು. ಅವರಿಗೆ ದಾನ ಬೇಡ, ಬಾಡಿಗೆ ಕೊಟ್ಟು ಕೂರಲು ಜಾಗ ಬೇಕು.

ನಾಲ್ಕು, ಭೂಮಿ ಕೊಡುವ ರೈತರ ಹೊಲ ಎರಡು ತುಂಡಾದರೆ ಆಚೆ ಈಚೆ ಹೋಗಲು ಚಕ್ಕಡಿ, ಟ್ರ್ಯಾಕ್ಟರು ಹಾಯುವ ಕೆಳಸೇತುವೆ ಅಥವಾ ಪಕ್ಕದ ದಾರಿ ನಕ್ಷೆಯಲ್ಲೇ ಇರಬೇಕು. ಆಮೇಲೆ ನೋಡೋಣ ಎಂಬ ಮಾತು ಬೇಡ.

ಕೊನೆಯದಾಗಿ ಗುರುಗಳಲ್ಲಿ ಮತ್ತು ಗೆಳೆಯ ಗೆಳತಿಯರಲ್ಲಿ ಒಂದು ಕೋರಿಕೆ. ಬರೀ ಅಭಿಪ್ರಾಯ ಬರೆದರೆ ಯಾರೂ ಕೇಳುವುದಿಲ್ಲ, ಅಂಕಿಅಂಶ ಇದ್ದರೆ ಕೇಳುತ್ತಾರೆ. ಮಧ್ಯವಾರ್ಷಿಕ ಪರೀಕ್ಷೆ ಮುಗಿದ ಮೇಲೆ, ಗೋವಿನಜೋಳದ ಸುಗ್ಗಿ ನಡೆಯುವಾಗ, ನಾವೇ ಒಂದು ವಾರ ಎಣಿಕೆ ಮಾಡೋಣ. ಬೆಳಿಗ್ಗೆ 8ರಿಂದ 10, ಸಂಜೆ 4ರಿಂದ 6. ಕಾಲೇಜಿನ ಮುಂದೆ ಒಂದು ಗುಂಪು, ಬಸ್‌ಸ್ಟ್ಯಾಂಡಿನ ಬಳಿ ಒಂದು, ಊರಿನ ಎರಡು ತುದಿಯಲ್ಲಿ ಎರಡು. ವಾಹನಗಳನ್ನು ಮೇಲೆ ಹೇಳಿದ ಅಂಕಗಳ ಪ್ರಕಾರವೇ ಎಣಿಸೋಣ. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕೋಣ: ನಡೆದು ದಾಟಿದವರು ಎಷ್ಟು, ಅದರಲ್ಲಿ ವಿದ್ಯಾರ್ಥಿಗಳು ಎಷ್ಟು, ವಯಸ್ಸಾದವರು ಎಷ್ಟು, ಬಸ್ಸು ಹತ್ತಿದವರು ಎಷ್ಟು, ಇಳಿದವರು ಎಷ್ಟು. ಇನ್ನೊಂದು ಹಾಳೆಯಲ್ಲಿ ರಸ್ತೆ ಬದಿಯ ಅಂಗಡಿಗಳ ಪಟ್ಟಿ ಮಾಡೋಣ: ಸ್ವಂತದ್ದೋ ಬಾಡಿಗೆಯದೋ, ಎಷ್ಟು ವರ್ಷದಿಂದ ಇದೆ, ಎಷ್ಟು ಜನ ದುಡಿಯುತ್ತಾರೆ. ಸಂಖ್ಯಾಶಾಸ್ತ್ರದ ಪಾಠದಲ್ಲಿ ಬರುವ ಪಟ್ಟಿ, ಸರಾಸರಿ, ನಕ್ಷೆ ಎಲ್ಲಕ್ಕೂ ಇದರಲ್ಲಿ ಕೆಲಸ ಸಿಗುತ್ತದೆ. ಕಲಾ ವಿಭಾಗದವರು ಹಿರಿಯರನ್ನು ಮಾತಾಡಿಸಿ ಬರೆದುಕೊಳ್ಳಬಹುದು. ವಿಜ್ಞಾನದವರು ರಸ್ತೆಯ ಅಗಲ, ವಾಹನದ ವೇಗ ಅಳೆಯಬಹುದು. ಎಣಿಸುವವರು ರಸ್ತೆಯಿಂದ ದೂರ, ಸುರಕ್ಷಿತ ಜಾಗದಲ್ಲಿ, ಒಬ್ಬ ಉಪನ್ಯಾಸಕರ ಜೊತೆಯಲ್ಲಿ ಕೂರಬೇಕು ಎಂಬುದು ಮೊದಲ ನಿಯಮ.

ಆ ಲೆಕ್ಕವನ್ನು ಕನ್ನಡದಲ್ಲಿ ನಾಲ್ಕು ಪುಟದಲ್ಲಿ ಬರೆದು ಪಟ್ಟಣ ಪಂಚಾಯಿತಿಗೆ, ತಹಶೀಲ್ದಾರರಿಗೆ, ಲೋಕೋಪಯೋಗಿ ಇಲಾಖೆಗೆ, ಶಾಸಕರಿಗೆ, ಸಂಸದರಿಗೆ ಒಂದೊಂದು ಪ್ರತಿ ಕೊಡೋಣ. ಸ್ವೀಕೃತಿ ಸಹಿ ಹಾಕಿಸಿಕೊಂಡು ಬರೋಣ. ನಾಳೆ ಬೈಪಾಸ್ ಆದರೂ, ಅಗಲ ಆದರೂ, ಏನೂ ಆಗದೆ ಉಳಿದರೂ, ಈ ರಸ್ತೆಯ ಮೇಲೆ ದಿನಾ ಎಷ್ಟು ಜನ ನಡೆಯುತ್ತಾರೆ ಎಂಬುದು ಗೊತ್ತಿರಲಿಲ್ಲ ಎಂದು ಆಗ ಯಾರೂ ಹೇಳಲಾರರು.

ಎಣಿಕೆಗೆ ಬರುವವರು ನಿಮ್ಮ ಹೆಸರು, ತರಗತಿ, ಯಾವ ಊರಿನಿಂದ ಬರುತ್ತೀರಿ ಎಂದು ಚೀಟಿಯಲ್ಲಿ ಬರೆದು ಸಂಪಾದಕ ಮಂಡಳಿಯ ಗುರುಗಳ ಕೈಗೆ ಕೊಡಿ. ಮಾಸೂರು ಕಡೆಯಿಂದ ಮತ್ತು ಹಲಗೇರಿ ಕಡೆಯಿಂದ ಬಸ್ಸಿಗೆ ಬರುವವರು ತಪ್ಪದೆ ಕೊಡಿ, ನಿಮ್ಮ ಊರಿನ ಸ್ಟಾಪಿನ ಲೆಕ್ಕವೂ ನಮಗೆ ಬೇಕು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ